ಹೌದು ಬರುವವರೆಗೆ

ವೆಂಡೆಲ್ ಕ್ರಾಸ್ನಿಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದ್ದು ಡಾಕ್ಟರು. ಆಮೇಲೆ ಅವನ ತಂಗಿ ಡೊಲೊರೆಸ್. ಕೊನೆಗೆ ಸ್ವತಃ ವೆಂಡೆಲ್. ಇಲ್ಲ ಇಲ್ಲ ಎಂದು ಕೂಗಾಡುತ್ತಿದ್ದವಳು ನಾನೊಬ್ಬಳೇ. ಅಷ್ಟು ಜೋರಾಗಿ ಕೂಗಾಡಿದ್ದು ಯಾಕೆಂದರೆ ಒಳಗೊಳಗೆ ನನಗೂ ಪುಕುಪುಕು ಅನ್ನುತ್ತಿತ್ತು.

ಅವನಿಗಿದ್ದದ್ದು ನರ ಸೋತು ಮೈಯ ಸ್ನಾಯುಗಳೆಲ್ಲ ಕರಗುತ್ತ ಹೋಗುವ ಕಾಯಿಲೆ. ಮೊದಲು ಬೆರಳು ಹೋದವು, ಆಮೇಲೆ ಕಾಲು, ಆಮೇಲೆ ನಾಲಿಗೆ. ಆ ಚಳಿಗಾಲದ ಹೊತ್ತಿಗೆ ಅವನ ಮಾತು ಕೇಳುತ್ತಿದ್ದದ್ದು ಬಲಗೆನ್ನೆ ಒಂದೇ. ಗಾಲಿಕುರ್ಚಿಯ ತಲೆದಿಂಬಿಗೆ ಒಂದು ಗುಂಡಿ ಕಟ್ಟಿದ್ದರು. ಕಂಪ್ಯೂಟರ್ ಪರದೆಯ ಕೆಳಭಾಗದಲ್ಲಿ ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತ ಹೋಗುತ್ತಿದ್ದವು. ಬೇಕಾದ ಸಾಲು ಬೆಳಗಿದಾಗ ಕೆನ್ನೆಯಿಂದ ಗುಂಡಿ ಒತ್ತಬೇಕು, ಆ ಸಾಲಿನಲ್ಲಿ ಬೇಕಾದ ಅಕ್ಷರ ಬರುವವರೆಗೆ ಕಾದು ಮತ್ತೆ ಒತ್ತಬೇಕು. ಕೆನ್ನೆ ಹಠ ಮಾಡಿತೋ, ಮತ್ತೆ ಮೊದಲಿನಿಂದ. ಅವನು ಒಂದು ‘ಹೌದು’ ಹೇಳುವಷ್ಟರಲ್ಲಿ ನಾನು ಕಾಫಿ ಕುಡಿದು ಕಪ್ಪು ತೊಳೆದಿಟ್ಟು ಬರಬಹುದಿತ್ತು.

ಒಂದು ಕಾಲಕ್ಕೆ ಪಿಟ್ಸ್‌ಬರ್ಗಿನಲ್ಲಿ ಇವನ ಬೆರಳಿನಷ್ಟು ಚುರುಕಾದ ಬೆರಳು ಇನ್ನೊಂದಿರಲಿಲ್ಲ. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಕೆಲಸ ಮಾಡುತ್ತಿದ್ದೆವು. ಅವನ ಕೀಲಿಮಣೆಯ ಸದ್ದು ಕೇಳಿದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಿರುತ್ತಿತ್ತು. ಅಲ್ಲಿಯೇ ಅವನು ಕಂಪ್ಯೂಟರಿನಲ್ಲಿ ಬರಹ ಬರೆದು ತಿದ್ದುವ ಒಂದು ಪ್ರೋಗ್ರಾಂ, ಎಡಿಟರ್, ಬರೆದ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತು ಆಯುಸ್ಸು ಕಳೆದಿದ್ದ, ಅದಕ್ಕೇ ಎಡಿಟರಿಗೂ ಲೇತ್ ಎಂದೇ ಹೆಸರಿಟ್ಟ. ನೋಡನೋಡುತ್ತ ಊರಿನ ವಿದ್ಯಾರ್ಥಿಗಳು, ಮೇಷ್ಟರುಗಳು ಎಲ್ಲ ಲೇತಿನಲ್ಲೇ ಬರೆಯತೊಡಗಿದರು. ಈಗ ಕಾಯಿಲೆ ಬಿದ್ದ ಮೇಲೂ ವೆಂಡೆಲ್ ಬರೆಯುತ್ತಿದ್ದದ್ದು ಅದರಲ್ಲೇ. ಕೆನ್ನೆಯ ಗುಂಡಿಯನ್ನು ಲೇತಿಗೆ ಜೋಡಿಸಿ ಕೊಟ್ಟವಳು ನಾನು. ನನ್ನ ಹೆಸರು ಹೆಸ್ಟರ್.

ಡೊಲೊರೆಸ್ ಕೆಟ್ಟವಳೇನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಜಾವಕ್ಕೆ ಬೇಕರಿಗೆ ಹೋಗಿ ಹಿಟ್ಟು ನಾದಿ, ಮಧ್ಯಾಹ್ನ ಅಲ್ಲಿಂದ ನೇರ ಪೋಲಿಷ್ ಹಿಲ್ ಗುಡ್ಡದ ಕಡಿದಾದ ಬೀದಿ ಹತ್ತಿ ಅಣ್ಣನ ಮನೆಗೆ ಬಂದು ಅವನನ್ನು ಎತ್ತಿ, ತೊಳೆದು, ಉಣ್ಣಿಸಿ, ರಾತ್ರಿಯೆಲ್ಲ ಅವನ ಮಂಚದ ಪಕ್ಕದ ಸೋಫಾದಲ್ಲಿ ಒಂದು ಕಿವಿ ತೆರೆದಿಟ್ಟು ಮಲಗುವವಳು. ಹಿಂದಿನ ಬೇಸಿಗೆಯಲ್ಲಿ ಒಂದು ರಾತ್ರಿ ವೆಂಡೆಲ್‌ಗೆ ಕಫ ಕಟ್ಟಿ ಮುಖ ನೀಲಿಗಟ್ಟಿತು. ಅದಾದ ಮೇಲೆ ಅವಳು ನದಿಯಾಚೆ ಒಂದು ಆರೈಕೆ ಮನೆಯಲ್ಲಿ ಹಾಸಿಗೆ ಹುಡುಕಿದಳು. ಅಣ್ಣ ಒಪ್ಪಲಿಲ್ಲ. ಅವಳು ವಕೀಲನನ್ನು ಹಿಡಿದಳು, ಅಣ್ಣನ ಪರವಾಗಿ ತೀರ್ಮಾನ ಮಾಡುವ ಹಕ್ಕು ತನಗೆ ಕೊಡಿ ಎಂದು ಕೌಂಟಿ, ಅಂದರೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಿದಳು.

ಆರೈಕೆ ಮನೆಯಲ್ಲಿ ಒಂದು ಕೋಣೆಗೆ ಇಬ್ಬರು. ಹಾಸಿಗೆಯ ಪಕ್ಕ ಒಂದು ಪುಟ್ಟ ಕಪಾಟು. ಕಂಪ್ಯೂಟರಿಗೆ ಜಾಗವಿಲ್ಲ, ಫೋನ್ ಲೈನಿಲ್ಲ, ಕೆನ್ನೆಯ ಗುಂಡಿ ಕಟ್ಟಿ ಕೂರುವಷ್ಟು ವ್ಯವಧಾನ ಯಾರಿಗೂ ಇಲ್ಲ. ಅಲ್ಲಿಗೆ ಹೋದ ದಿನವೇ ವೆಂಡೆಲ್‌ನ ಬಾಯಿ ಶಾಶ್ವತವಾಗಿ ಮುಚ್ಚುತ್ತಿತ್ತು. ಉಸಿರಿರುತ್ತಿತ್ತು, ಮಾತಿರುತ್ತಿರಲಿಲ್ಲ. ಅವನು ಹೆದರಿದ್ದು ಸಾವಿಗಲ್ಲ, ಅದಕ್ಕೆ.

ನ್ಯಾಯಾಧೀಶೆ ಒಂದು ಹೇಳಿಕೆ ಕೇಳಿದ್ದರು: ಕ್ರಾಸ್ನಿಯವರಿಗೆ ಏನು ಬೇಕೆಂದು ಅವರದೇ ಮಾತಿನಲ್ಲಿ ಬರೆದು ಕೊಡಲಿ, ಬೇರೆಯವರು ಕೈ ಹಾಕಬಾರದು. ಶರತ್ಕಾಲದ ಎಲೆ ಉದುರುವಾಗ ಬರೆಯಲು ಕೂತ ವೆಂಡೆಲ್ ಹಿಮ ಬೀಳುವ ಹೊತ್ತಿಗೆ ಒಂದು ಪುಟ ಮುಗಿಸಿದ. ಅದನ್ನು ಅಚ್ಚು ಹಾಕಿ ಡಾಕ್ಟರ ಕೈಗೆ ಕೊಟ್ಟರೆ, ಅದರಲ್ಲಿ ಹೀಗಿತ್ತು:

‘ನನ್ನ ಹೆಸರು ವೆಂಡೆಲ್ ಕ್ರಾಸ್ನಿ. ನನಗೆ ಮೆಣಸು ಅರ್ಥವಾಗುತ್ತದೆ. ನನ್ನ ತಂಗಿಯನ್ನು ತೆಳ್ಳಗೆ ಸೋಸಿ ಕೊಡಿ. ನಾನು ಈ ಗೋಲ್‌ಕೀಪರ್‌ನಲ್ಲೇ ಇರಲು ಬಯಸುತ್ತೇನೆ.’

ಮುಂದಿನದೂ ಹೀಗೇ. ಕೆಲವು ಕಡೆ ಪದಗಳು ಅರ್ಧ ಕಚ್ಚಿ ಬಿಟ್ಟ ಹಾಗಿದ್ದವು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ಕಾಯಿಲೆ ಕೆಲವರಿಗೆ ಮಿದುಳಿಗೂ ಹತ್ತುತ್ತೆ” ಎಂದರು. ಡೊಲೊರೆಸ್ ಆ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ಅಳುವುದು ಕೇಳಬಾರದೆಂದು ಅವಳು ಮಾಡುವ ಉಪಾಯ ಅದು, ಎಲ್ಲರಿಗೂ ಗೊತ್ತು.

ಅವರೆಲ್ಲ ಹೋದ ಮೇಲೆ ವೆಂಡೆಲ್ ನನಗೆ ಅಂತ ಒಂದು ಸಾಲು ಬರೆದ. ಸಂಜೆ ಪೂರ್ತಿ ಅದಕ್ಕೇ ಹೋಯಿತು.

‘ನಿಜ ಹೇಳೇ. ನನ್ನ ತಲೆ ಹೋಗ್ತಿದೆಯಾ?’

“ನಿನ್ನ ತಲೆ ಯಾವತ್ತು ನೆಟ್ಟಗಿತ್ತೋ?” ಎಂದೆ. ತಮಾಷೆ ಮಾಡಬಾರದಿತ್ತು. ಅವನ ಮುಖ ನಗುವ ಶಕ್ತಿ ಕಳೆದುಕೊಂಡು ಎಷ್ಟೋ ದಿನವಾಗಿತ್ತು, ಆದರೆ ಹೆದರುವ ಶಕ್ತಿ ಕಣ್ಣಿನಲ್ಲಿ ಉಳಿದಿತ್ತು. ಅವನು ಮತ್ತೆ ಬರೆದ: ‘ನಾನು ಸರಿಯಾಗೇ ಬರೆದೆ. ಓದಿಯೂ ನೋಡಿದೆ. ಆಮೇಲೆ ನೋಡಿದ್ರೆ ಹೀಗೆ.’

ಲೇತಿನದೇ ತಪ್ಪು ಎಂದು ನಾನು ಹಠ ಹಿಡಿದೆ. ಹಾಗಲ್ಲದಿದ್ದರೆ ಏನೆಂದು ಯೋಚಿಸುವ ಧೈರ್ಯವೇ ಇರಲಿಲ್ಲ. ಈಗ ಲೇತನ್ನು ನೋಡಿಕೊಳ್ಳುವವನು ಗಾರ್ತ್, ನಮ್ಮದೇ ನೆಲಮಾಳಿಗೆಯ ಹಳೆಯ ಸಂಗಾತಿ. ಅವನಿಗೆ ದೂರು ಬರೆದೆ. ‘ನಮ್ಮಲ್ಲಿ ಆ ತಪ್ಪು ಕಾಣುತ್ತಿಲ್ಲ, ದೂರು ಮುಚ್ಚಿದ್ದೇನೆ’ ಎಂದು ಉತ್ತರ ಬಂತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಮೈ ಉರಿಸುವ ಮಾತು ಇನ್ನೊಂದಿಲ್ಲ. ಫೋನ್ ಎತ್ತಿದೆ.

“ಏನೋ ಗಾರ್ತ್, ನೋಡ್ದೇನೆ ಮುಚ್ಚಿದ್ಯಾ?”

“ನೋಡ್ದೆ ಕಣೇ ಮಾರಾಯ್ತಿ! ಪರೀಕ್ಷೆ ಮಾಡೋಕೇ ಅಂತ ಒಂದು ಪ್ರೋಗ್ರಾಂ ಇದೆ. ಲೇತ್ ಏನ್ ಕೇಳಿದ್ರೂ ಅದು ಪಟಪಟ ಅಂತ ಹೌದು, ಹೌದು ಅಂತ ಒತ್ತುತ್ತೆ. ದಿನವಿಡೀ ಓಡಿಸ್ದೆ. ಒಂದೇ ಒಂದು ಅಕ್ಷರ ಆಚೀಚೆ ಆಗ್ಲಿಲ್ಲ.”

“ಹಂಗಾದ್ರೆ ಇಲ್ಲಿ ಹೇಗಾಗ್ತಿದೆ?”

ಗಾರ್ತ್ ದನಿ ಇಳಿಸಿ, “ಹೆಸ್ಟರ್, ಲೇತ್ ಚೆನ್ನಾಗೇ ಇದೆ. ನಿಂಗೆ ಒಪ್ಕೊಳ್ಳೋಕೆ ಕಷ್ಟ ಆಗ್ತಿರೋದು ಬೇರೆ ವಿಷ್ಯ” ಎಂದ. ನಾನು ಫೋನ್ ಕುಕ್ಕಿದೆ. ಅವನ ಮೇಲೆ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ. ಯಾಕೆಂದರೆ ನಾನೂ ವೆಂಡೆಲ್‌ನ ಮನೆಯಲ್ಲಿ ಅದೇ ಕಂಪ್ಯೂಟರಿನ ಮುಂದೆ ಕೂತು, ಅವೇ ಪದಗಳನ್ನು ತಿದ್ದಿ ತಿದ್ದಿ ನೋಡಿದ್ದೆ. ‘ಈ ಪದ ಬದಲಿಸಲೇ?’ ಎಂದು ಲೇತ್ ಕೇಳುತ್ತಿತ್ತು. ಹೌದು ಎಂದು ಒತ್ತುತ್ತಿದ್ದೆ. ಸರಿಯಾಗಿಯೇ ಬದಲಾಗುತ್ತಿತ್ತು. ಪ್ರತಿಸಲ ಅದು ಸರಿಯಾದಾಗಲೂ ಪಕ್ಕದ ಗಾಲಿಕುರ್ಚಿಯಲ್ಲಿ ವೆಂಡೆಲ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಯಂತ್ರ ಸರಿಯಿದೆ ಎಂದರೆ ಕೆಟ್ಟಿರುವುದು ಅವನ ತಲೆ. ಕೊನೆಗೆ ‘ಸಾಕು ನಿಲ್ಸು’ ಎಂದು ಬರೆದ.

ನಾನು ನಿಲ್ಲಿಸಲಿಲ್ಲ. ನ್ಯಾಯಾಧೀಶೆ ಮನೆಗೇ ಬರುವ ದಿನ ಗೊತ್ತಾಗಿತ್ತು. ಅದರ ಹಿಂದಿನ ದಿನ ರಜೆ ಹಾಕಿ ಬೆಳಿಗ್ಗೆಯೇ ಹೊರಟೆ. ರಾತ್ರಿಯೆಲ್ಲ ಹಿಮ ಸುರಿದಿತ್ತು. ಬೀದಿಯಲ್ಲಿ ಕಾರು ನಿಲ್ಲಿಸಲು ಒಂದೇ ಒಂದು ಜಾಗ ಕಾಣಿಸಿತು, ಯಾರೋ ಹಿಮ ಗೋರಿ ಚೊಕ್ಕ ಮಾಡಿದ್ದು. ಅದರ ನಟ್ಟನಡುವೆ ಹಳದಿ ಬಣ್ಣದ ಅಡುಗೆಮನೆ ಕುರ್ಚಿ. ನಮ್ಮೂರಿನಲ್ಲಿ ಹಿಮ ಗೋರಿದವರು ಕೆಲಸಕ್ಕೆ ಹೋಗುವಾಗ ಕುರ್ಚಿ ಇಟ್ಟು ಹೋದರೆ ಆ ಜಾಗ ಅವರದು. ಅದನ್ನು ಸರಿಸುವುದೂ ಒಂದೇ, ಕಪಾಳಕ್ಕೆ ಹೊಡೆಯುವುದೂ ಒಂದೇ. ಅದು ಡೊಲೊರೆಸ್‌ಳ ಕುರ್ಚಿ ಎಂದೂ ಗೊತ್ತಿತ್ತು. ಆದರೂ ಎತ್ತಿ ಕಾಲುದಾರಿಗೆ ಇಟ್ಟು ನನ್ನ ಕಾರು ನುಗ್ಗಿಸಿದೆ. ಅಷ್ಟು ತಲೆಕೆಟ್ಟಿತ್ತು.

ಮಧ್ಯಾಹ್ನದವರೆಗೆ ಕೂತರೂ ಏನೂ ಸಿಗಲಿಲ್ಲ. ಪರದೆಯಲ್ಲಿ ವೆಂಡೆಲ್‌ನ ಮೂರು ಬರಹಗಳು ತೆರೆದಿದ್ದವು: ಸೂಪಿನ ಬಗ್ಗೆ ಡೊಲೊರೆಸ್‌ಗೆ ಬರೆದ ಚೀಟಿ, ಹಾಕಿ ಪಂದ್ಯದ ಬಗ್ಗೆ ಗಾರ್ತ್ ಜೊತೆಗಿನ ಜಗಳದ ಪತ್ರ, ಮತ್ತು ಆ ಹೇಳಿಕೆ. ಸೂಪಿನ ಚೀಟಿಯಲ್ಲಿ ‘ಉಪ್ಪು’ ತೆಗೆದು ‘ಬೆಣ್ಣೆ’ ಹಾಕಲು ಹೇಳಿದೆ. ‘ಈ ಪದ ಬದಲಿಸಲೇ?’ ಎಂದು ಲೇತ್ ಕೇಳಿತು. ಬೆರಳು ಕೀಲಿಯ ಮೇಲೆ ಇಡುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು.

“ಯಾವಳೇ ನನ್ನ ಕುರ್ಚಿ ಎತ್ತಿದ್ದು?” ಡೊಲೊರೆಸ್. ತಲೆಯ ಮೇಲೆ, ಭುಜದ ಮೇಲೆ ಹಿಮ, ಕೈಯಲ್ಲಿ ಅದೇ ಕುರ್ಚಿ.

“ನಾನೇ. ತೆಗೀತೀನಿ ಇರು, ಒಂದು ನಿಮಿಷ.”

“ಒಂದು ನಿಮಿಷ! ಕೆಳಗಡೆ ಚರ್ಚಿನ ಹತ್ರ ಕಾರು ಬಿಟ್ಟು ಈ ಸೊಂಟ ಇಟ್ಕೊಂಡು ಹತ್ತಿ ಬಂದೆ. ಬೆಳಿಗ್ಗೆ ನಾಕು ಗಂಟೆಗೆದ್ದು ಗೋರಿದ್ದು ಕಣೇ ನಾನು! ನಿಮ್ಮಪ್ಪ ಬಂದು ಗೋರಿದ್ನಾ?”

“ನಿಂಗೆ ಕುರ್ಚಿ ಚಿಂತೆ. ನಾಳೆ ನಿಮ್ಮಣ್ಣನ ಬಾಯಿಗೆ ಬೀಗ ಹಾಕಿಸ್ತಿದೀಯಲ್ಲ, ಅದ್ರ ಚಿಂತೆ ಇಲ್ಲ.”

ಅಷ್ಟು ಸಾಕಾಯಿತು. ಇಷ್ಟು ದಿನ ಇಬ್ಬರೂ ನುಂಗಿಕೊಂಡಿದ್ದದ್ದೆಲ್ಲ ಹೊರಗೆ ಬಿತ್ತು. ನೀನು ವಾರಕ್ಕೆರಡು ಸಲ ಬಂದು ಟಕಟಕ ಕುಟ್ಟಿ ಹೋಗ್ತೀಯ, ಅವನ ಹಾಸಿಗೆ ಬದಲಿಸೋಳು ನಾನು ಎಂದಳು. ನಿಂಗೆ ಅವನು ಮೂಟೆಯಾಗಿದ್ದರೆ ಸಾಕು, ಮಾತಾಡೋ ಮೂಟೆ ಬೇಡ ಎಂದೆ. ಈ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಕುರ್ಚಿಯನ್ನು ನೆಲಕ್ಕೆ ಕುಕ್ಕಿ ಅದರ ಮೇಲೇ ಕುಸಿದು ಕೂತಳು. ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಲೇತ್ ಇನ್ನೂ ಪಾಪ ಹಾಗೇ ಕೇಳುತ್ತ ನಿಂತಿತ್ತು. ಸಿಟ್ಟಿನಲ್ಲಿ ‘ಹೌದು’ ಎಂದು ಗುದ್ದಿದೆ.

ಚೀಟಿಯಲ್ಲಿ ಉಪ್ಪು ಉಪ್ಪಾಗಿಯೇ ಇತ್ತು.

ಹಾಗಾದರೆ ಬೆಣ್ಣೆ ಎಲ್ಲಿಗೆ ಹೋಯಿತು? ಹೇಳಿಕೆಯನ್ನು ತೆರೆದು ನೋಡಿದೆ. ನಡುವಿನ ಒಂದು ಸಾಲಿನಲ್ಲಿ, ‘ನನ್ನ ಉಸಿರು’ ಎಂದಿದ್ದ ಕಡೆ ‘ನನ್ನ ಬೆಣ್ಣೆ’ ಎಂದಿತ್ತು.

ನಾನು ಕಿರುಚಿದ್ದಕ್ಕೆ ಡೊಲೊರೆಸ್ ಹಾರಿಬಿದ್ದಳು. ಕುರ್ಚಿ ಮಗುಚಿತು. ಅವಳಿಗೆ ಅಣ್ಣನಿಗೇ ಏನೋ ಆಯಿತು ಅನ್ನಿಸಿ ಅವನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. “ತಲೆ ಕೆಟ್ಟಿರೋದು ಇವ್ನದಲ್ಲ!” ಎಂದು ನಾನು ಕೂಗುತ್ತಲೇ ಇದ್ದೆ. “ಇವ್ನದಲ್ಲ, ಇವ್ನದಲ್ಲ!”

ಆದದ್ದು ಇಷ್ಟು. ಲೇತಿನೊಳಗೆ ಪ್ರೋಗ್ರಾಮಿನ ಎಲ್ಲ ಭಾಗಗಳಿಗೂ ಸೇರಿದ ಒಂದೇ ಒಂದು ಹಲಗೆಯಿದೆ ಅನ್ನಿ, ಶಾಲೆಯ ಕಪ್ಪುಹಲಗೆಯ ಹಾಗೆ. ಈಗ ಕೈಯಲ್ಲಿರುವ ಬರಹ ಯಾವುದು, ಅದರಲ್ಲಿ ಯಾವ ಜಾಗ ಎಂದು ಅದರ ಮೇಲೆ ಬರೆದಿರುತ್ತದೆ. ಪ್ರೋಗ್ರಾಮಿನ ಯಾವ ಮೂಲೆಯವರು ಬೇಕಾದರೂ ಅದನ್ನು ಓದಬಹುದು, ಅಳಿಸಿ ತಮ್ಮದು ಬರೆಯಬಹುದು. ಲೇತ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಾಗ ಸುಮ್ಮನೆ ಕೂರುವುದಿಲ್ಲ. ಆಗಾಗ ಎದ್ದು, ತೆರೆದಿರುವ ಬರಹಗಳನ್ನೆಲ್ಲ ಒಂದೊಂದಾಗಿ ಡಿಸ್ಕಿನಲ್ಲಿ ಉಳಿಸಿಡುತ್ತದೆ. ಹಾಗೆ ಉಳಿಸುವಾಗ ಹಲಗೆಯ ಮೇಲೆ ಆಯಾ ಬರಹದ ಹೆಸರು ಬರೆದುಕೊಳ್ಳುತ್ತದೆ, ಮುಗಿದ ಮೇಲೆ ಹಳೆಯದನ್ನು ಮತ್ತೆ ಬರೆಯದೆ ಹಾಗೇ ಬಿಟ್ಟು ಬರುತ್ತದೆ. ಕೊನೆಯ ಬರಹ ವೆಂಡೆಲ್‌ನ ಹೇಳಿಕೆ. ಸೂಪಿಗೆ ಹೇಳಿದ ‘ಹೌದು’ ಹೇಳಿಕೆಯ ಮೇಲೆ ಹೋಗಿ ಬೀಳುತ್ತಿತ್ತು. ಚೀಟಿಯಲ್ಲಿ ಪದ ಬದಲಾಗದ್ದನ್ನು ನೋಡಿ ಕೆನ್ನೆ ತಪ್ಪಿರಬೇಕು ಎಂದುಕೊಂಡು ವೆಂಡೆಲ್ ಮತ್ತೆ ಮಾಡುತ್ತಿದ್ದ, ಮತ್ತೆ ಹೇಳಿಕೆ ಹಾಳಾಗುತ್ತಿತ್ತು.

ನಾವೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ ಒತ್ತುವವರು. ನಮ್ಮ ಪ್ರಶ್ನೆಗೂ ಉತ್ತರಕ್ಕೂ ನಡುವೆ ಯಾವುದೂ ನುಸುಳಲು ಜಾಗವಿಲ್ಲ. ಗಾರ್ತ್‌ನ ಪರೀಕ್ಷೆಯ ಪ್ರೋಗ್ರಾಂ ನಮಗಿಂತ ಅವಸರದ್ದು. ಇಡೀ ಊರಿನಲ್ಲಿ ನಿಧಾನವಾಗಿ ‘ಹೌದು’ ಹೇಳುವವನು ಒಬ್ಬನೇ, ಈ ಎಡಿಟರನ್ನು ಬರೆದವನು.

ಡೊಲೊರೆಸ್‌ಗೆ ಇದನ್ನೆಲ್ಲ ಹೇಗೆ ಹೇಳುವುದು? ಬಿದ್ದಿದ್ದ ಕುರ್ಚಿ ತೋರಿಸಿದೆ. “ನೋಡು, ನೀನು ಜಾಗ ಬಿಟ್ಟು ಹೋಗೋವಾಗ ಕುರ್ಚಿ ಇಟ್ಟು ಹೋಗ್ತೀಯಲ್ಲ, ವಾಪಸ್ ಬಂದಾಗ ಜಾಗ ಇರ್ಲಿ ಅಂತ. ನಿಮ್ಮಣ್ಣ ಬರೆದ ಲೇತ್ ಪ್ರಶ್ನೆ ಕೇಳೋಕೆ ಮುಂಚೆ ಕುರ್ಚಿ ಇಡಲ್ಲ. ಉತ್ತರ ವಾಪಸ್ ಬರೋವಷ್ಟರಲ್ಲಿ ಇನ್ನೊಬ್ರು ಬಂದು ಕೂತಿರ್ತಾರೆ.”

“ಇಟ್ಟಿದ್ರೂ ಏನಂತೆ,” ಎಂದಳು ಅವಳು, “ಎತ್ತಿ ಬಿಸಾಕೋಕೆ ನಿನ್ನಂಥೋರು ಇರ್ತಾರಲ್ಲ.”

ಆಗ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ನಾವಿಬ್ಬರೂ ಬಾಯಿ ಮುಚ್ಚಿ ನೋಡಿದೆವು. ‘ತಲೆ ಸರಿ ಇದೆ. ಕೋಡ್ ಸರಿ ಇಲ್ಲ.’ ವೆಂಡೆಲ್‌ನ ಕಣ್ಣಿಂದ ನೀರು ಇಳಿದು ಗುಂಡಿಯ ಮೇಲೆ ತೊಟ್ಟಿಕ್ಕುತ್ತಿತ್ತು. ನೆಲಮಾಳಿಗೆಯ ದಿನಗಳಲ್ಲಿ ಇದೇ ಹಲಗೆಯ ಬಗ್ಗೆ ನಾನು ಗೊಣಗಿದಾಗ ಅವನು, “ಕೇಳಿದ್ಮೇಲೆ ಉತ್ತರ ಕೊಡೋವರ್ಗೆ ಎಷ್ಟು ಹೊತ್ತು ಬೇಕೇ? ಅಷ್ಟರಲ್ಲಿ ಯಾವನು ಬಂದು ಏನ್ ಮಾಡ್ತಾನೆ?” ಎಂದು ನಕ್ಕಿದ್ದ. ನಾನು ಈಗ ಅದನ್ನು ನೆನಪಿಸಲಿಲ್ಲ. ಅವನಿಗೇ ನೆನಪಾಗಿತ್ತು ಅನ್ನಿಸುತ್ತದೆ.

ತಿದ್ದುವುದು ದೊಡ್ಡ ಕೆಲಸವಲ್ಲ. ಪ್ರಶ್ನೆ ಕೇಳುವ ಮುಂಚೆ ಹಲಗೆಯ ಮೇಲಿದ್ದದ್ದನ್ನು ಪಕ್ಕಕ್ಕೆ ಎತ್ತಿಡಬೇಕು. ಉತ್ತರ ಬಂದ ಮೇಲೆ, ಬೇರೆ ಏನನ್ನೂ ಮಾಡುವ ಮುಂಚೆ, ಅದನ್ನೇ ಮತ್ತೆ ಹಲಗೆಗೆ ಬರೆಯಬೇಕು. ಪ್ರಶ್ನೆ ಕೇಳುವ ಒಂದೊಂದು ಜಾಗವನ್ನೂ ಹುಡುಕಿ ಹುಡುಕಿ ಹಾಗೆ ಮಾಡಿದೆ. ವೆಂಡೆಲ್‌ಗೆ ತೋರಿಸಿದೆ. ಅವನು ಓದಿ, ತುಂಬ ಹೊತ್ತಿನ ಮೇಲೆ, ‘ಉತ್ತರ ಕೊಡದೆ ಎದ್ದುಹೋದ್ರೆ?’ ಎಂದು ಬರೆದ. ನಾನು ಹಣೆ ಚಚ್ಚಿಕೊಂಡೆ. ಹೌದು, ಇಲ್ಲ ಎರಡನ್ನೂ ನೋಡಿಕೊಂಡಿದ್ದೆ; ಪ್ರಶ್ನೆಯನ್ನೇ ರದ್ದು ಮಾಡಿ ಹೋಗುವವನನ್ನು ಮರೆತಿದ್ದೆ. ಇಂಥವನಿಗೆ ತಲೆ ಕೆಟ್ಟಿದೆಯಂತೆ!

ಆದರೆ ಡೊಲೊರೆಸ್ ಕರಗಲಿಲ್ಲ. ಸೂಪು ಸೋಸುತ್ತ, ನನ್ನ ಕಡೆ ನೋಡದೆಯೇ, “ತಲೆ ನೆಟ್ಟಗಿದೆ, ಸಂತೋಷ. ಮಧ್ಯರಾತ್ರಿ ಕಫ ಕಟ್ಟಿದ್ರೆ ಆ ತಲೆ ಎದ್ದು ಬಂದು ಬೆನ್ನು ತಟ್ಟುತ್ತಾ?” ಎಂದಳು. ಹೇಳಿಕೆಯನ್ನು ಮತ್ತೆ ಬರೆಯಲು ವೇಳೆ ಇರಲಿಲ್ಲ. ಅದರಲ್ಲಿ ಯಾವ ಪದ ಎಲ್ಲಿತ್ತು ಎಂದು ಹುಡುಕಿ ಸರಿಪಡಿಸುವಷ್ಟು ಕೆನ್ನೆ ಅವನಲ್ಲಿ ಉಳಿದಿರಲಿಲ್ಲ, ಸರಿಪಡಿಸುವ ಹಕ್ಕು ನನಗಿರಲಿಲ್ಲ.

ಮರುದಿನ ನ್ಯಾಯಾಧೀಶೆ ಸ್ಟೋಕ್ಸ್ ಬಂದರು. ಜೊತೆಗೆ ಡೊಲೊರೆಸ್‌ಳ ವಕೀಲ ಬ್ಲೇನ್, ಮತ್ತು ಮಾತನ್ನೆಲ್ಲ ಪುಟ್ಟ ಯಂತ್ರದಲ್ಲಿ ಕುಟ್ಟಿ ದಾಖಲೆ ಮಾಡುವ ಹೆಂಗಸು. ಕೋಟುಗಳನ್ನು ಇಡಲು ಜಾಗವಿಲ್ಲದೆ ಎಲ್ಲ ವೆಂಡೆಲ್‌ನ ಮಂಚದ ಮೇಲೆ ರಾಶಿ ಬಿದ್ದವು. ಹೇಳಿಕೆ ಹಾಳಾದ ಬಗೆಯನ್ನು ನಾನು ಹೇಳಿದೆ. ನ್ಯಾಯಾಧೀಶೆ ಪೂರ್ತಿ ಕೇಳಿದರು, ಅರ್ಥವಾಯಿತೋ ಇಲ್ಲವೋ. “ಸರಿ, ಅವರನ್ನೇ ಕೇಳೋಣ” ಎಂದು ಗಾಲಿಕುರ್ಚಿಯ ಕಡೆ ಬಾಗಿದರು.

“ಕ್ರಾಸ್ನಿಯವರೇ, ನೀವು ಈ ಮನೆಯಲ್ಲೇ ಇರೋಕೆ ಇಷ್ಟಪಡ್ತೀರಾ?”

ಸಾಲುಗಳು ಬೆಳಗತೊಡಗಿದವು. ಒಂದು ಸುತ್ತು ಹೋಯಿತು, ಕೆನ್ನೆ ಅಲುಗಲಿಲ್ಲ. ಇನ್ನೊಂದು ಸುತ್ತು. ದಾಖಲೆಯವಳು ಬೆರಳು ನೆಟಿಗೆ ಮುರಿದಳು. ಬ್ಲೇನ್ ಗಡಿಯಾರ ನೋಡಿಕೊಂಡು ಕೆಮ್ಮಿದ.

“ಮೇಡಂ, ಬಹುಶಃ ಪ್ರಶ್ನೆ ಕಷ್ಟ ಆಯ್ತು. ನಾನು ಬೇರೆ ಥರ ಕೇಳ್ಲಾ? ಕ್ರಾಸ್ನಿಯವರೇ, ನಿಮ್ಮ ತಂಗಿ ದಿನಾ ಬಂದು ನೋಡೋದಾದ್ರೆ ಆರೈಕೆ ಮನೆಗೆ ಹೋಗೋಕೆ ಒಪ್ತೀರಾ?”

ಟಿಣ್ ಎಂದಿತು. ಪರದೆಯ ಮೇಲೆ ದೊಡ್ಡದಾಗಿ ‘ಹೌದು’.

ದಾಖಲೆಯವಳು ಕುಟ್ಟಿದಳು. ನಾನು ಮುಂದೆ ನುಗ್ಗಿದೆ. “ಅದು ಮೊದ್ಲನೇ ಪ್ರಶ್ನೆಗೆ! ಇದಕ್ಕಲ್ಲ!”

“ಇವರು ಅವರ ಪರವಾಗಿ ಮಾತಾಡೋ ಹಾಗಿಲ್ಲ,” ಎಂದ ಬ್ಲೇನ್. “ನಾನು ಕೇಳಿದೆ, ಉತ್ತರ ಬಂತು.”

“ನೀವು ಕೂತ್ಕೊಳ್ಳಿ” ಎಂದರು ನ್ಯಾಯಾಧೀಶೆ ನನಗೆ. ಆಮೇಲೆ ಅವನಿಗೆ, “ಕ್ರಾಸ್ನಿಯವರೇ, ನಿಮ್ಮ ಉತ್ತರ ಎರಡನೇ ಪ್ರಶ್ನೆಗಾ?” ವೆಂಡೆಲ್ ಹೆಣಗಾಡತೊಡಗಿದ. ಕತ್ತಿನ ನರ ಉಬ್ಬಿತು. ಅವರಿಗೆ ಆ ಹೆಣಗಾಟ ಕಾಣಲಿಲ್ಲ, ಅಲುಗದ ಮುಖ ಕಂಡಿತು. ಬ್ಲೇನ್ ಮತ್ತೆ ಶುರು ಮಾಡಿದ: “ನಿಮಗೆ ನಮ್ಮ ಮಾತು ತಿಳೀತಿದೆಯಾ, ಕ್ರಾಸ್ನಿಯವರೇ? ಇವತ್ತು ಯಾವ ವಾರ ಗೊತ್ತಾ?” ಅಷ್ಟರಲ್ಲಿ ಟಿಣ್ ಎಂದಿತು: ‘ಇಲ್ಲ’.

ವಾರವೂ ಗೊತ್ತಿಲ್ಲದವನು. ಹಾಗೆಂದು ದಾಖಲಾಯಿತು.

ಯಂತ್ರವನ್ನು ತಿದ್ದಿ ಬಂದೆನಲ್ಲ ಎಂದು ನಾನು ಬೀಗುತ್ತಿದ್ದೆ. ಮನುಷ್ಯರನ್ನು ತಿದ್ದಲು ಯಾವ ಸಾಲು ಬರೆಯಬೇಕಿತ್ತು? ಮೂರು ಜನ ವಿದ್ಯಾವಂತರು ಸುತ್ತ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದರು, ಅವನ ಒಂದೊಂದು ಮಾತೂ ಬೇರೆ ಯಾವುದಕ್ಕೋ ಹೋಗಿ ಅಂಟಿಕೊಳ್ಳುತ್ತಿತ್ತು. ಅವನ ಕಣ್ಣು ನನ್ನನ್ನು ಹುಡುಕಿತು. ಮುಳುಗುವವರ ಕಣ್ಣು ಹಾಗಿರುತ್ತದೆ. ನಾನು ಹೋಗಿ ದಾಖಲೆಯವಳ ಯಂತ್ರದ ಮೇಲೆ ಎರಡೂ ಅಂಗೈ ಊರಿ ನಿಂತುಬಿಟ್ಟೆ.

“ನನ್ನನ್ನ ಜೈಲಿಗೆ ಹಾಕಿ, ಪರವಾಗಿಲ್ಲ. ಒಂದು ಪ್ರಶ್ನೆ ಕೇಳಿ. ಆಮೇಲೆ ಯಾರೂ ತುಟಿ ಬಿಚ್ಬೇಡಿ. ಎಷ್ಟು ಹೊತ್ತಾದ್ರೂ ಸರಿ, ಅವ್ನ ಉತ್ತರ ಬರೋವರ್ಗೂ ಆ ಪ್ರಶ್ನೆ ಅಲ್ಲೇ ಇರ್ಬೇಕು!”

ಬ್ಲೇನ್ ಎದ್ದು ನಿಂತ. ನ್ಯಾಯಾಧೀಶೆ ಅವನಿಗೆ ಕೈಯೆತ್ತಿ ಕೂರಲು ಹೇಳಿದರು. ಅವರ ಮುಖ ಕೆಂಪಾಗಿತ್ತು, ನನ್ನನ್ನು ಹೊರಗಟ್ಟುತ್ತಾರೆ ಎಂದೇ ಅಂದುಕೊಂಡೆ. ಅವರು ಪೆನ್ನಿನ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿ, ತಮ್ಮ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು.

“ನಿಮಗೆ ಏನು ಬೇಕು, ಕ್ರಾಸ್ನಿಯವರೇ? ನಾವು ಕಾಯ್ತೀವಿ.”

ಕಾದೆವು. ರೇಡಿಯೇಟರ್ ಕಟಕಟ ಎನ್ನುತ್ತಿತ್ತು. ಹೊರಗೆ ಯಾರೋ ಹಿಮ ಗೋರುವ ಸದ್ದು ಬಂದು ನಿಂತು ಮತ್ತೆ ಬಂತು. ಬ್ಲೇನ್ ಒಂದು ಸಲ ಉಸಿರೆಳೆದುಕೊಂಡು ಬಾಯಿ ತೆರೆದ. ನ್ಯಾಯಾಧೀಶೆ ತಿರುಗದೆಯೇ ಬೆರಳೆತ್ತಿದರು. ಕೆನ್ನೆ ಎರಡು ಸಲ ಸಾಲು ತಪ್ಪಿತು. ಮೂರನೇ ಸಲ ಹಿಡಿಯಿತು. ಕಿಟಕಿಯ ಬಿಸಿಲು ಮಂಚದ ಮೇಲಿನ ಕೋಟುಗಳಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ಪರದೆಯ ಮೇಲೆ ಇಷ್ಟಿತ್ತು:

‘ಮನೆ. ಡೊಲೊರೆಸ್‌ಗೆ ಸುಸ್ತು. ಅವಳನ್ನೂ ಕೇಳಿ. ಕಾಯಿರಿ.’

ಅಲ್ಲಿಗೆ ಅವನ ಕೆನ್ನೆ ನಿಂತಿತು. ಬೆವರು ಹಣೆಯಿಂದ ಕಿವಿಗೆ ಹರಿಯುತ್ತಿತ್ತು. ಡೊಲೊರೆಸ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಓದಿದಳು. ತುಟಿ ಅಲ್ಲಾಡಿಸುತ್ತ ಇನ್ನೊಮ್ಮೆ ಓದಿದಳು.

ನ್ಯಾಯಾಧೀಶೆ ಅವಳ ಕಡೆ ತಿರುಗಿದರು. “ರಾತ್ರಿ ಪಾಳಿಗೆ ಒಬ್ಬ ನರ್ಸನ್ನ ಕಳಿಸೋಕೆ ನಾನು ಕೌಂಟಿಗೆ ಆದೇಶ ಮಾಡ್ಬಹುದು. ಹಾಗೆ ಮಾಡಿದ್ರೆ, ನಿಮ್ಮಣ್ಣ ಇಲ್ಲೇ ಇರ್ಲಿ ಅಂತೀರಾ?”

“ನನ್ನ ಕಕ್ಷಿದಾರರ ನಿಲುವು ಅರ್ಜಿಯಲ್ಲೇ—” ಎಂದು ಬ್ಲೇನ್ ಶುರು ಮಾಡಿದ.

“ಶ್ಶ್” ಎಂದಳು ದಾಖಲೆಯವಳು. ಅವಳು ಬಾಯಿ ಬಿಟ್ಟಿದ್ದು ಅದೊಂದೇ ಸಲ.

ಡೊಲೊರೆಸ್ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನಿನಗೆ ಏನು ಬೇಕು ಎಂದು ಅವಳನ್ನು ಯಾರೂ ಇಷ್ಟು ದಿನ ಕೇಳಿರಲಿಲ್ಲ. ಅಣ್ಣನಿಗೆ ಏನು ಬೇಕು ಎಂದು ಡಾಕ್ಟರು ಅವಳನ್ನು ಕೇಳಿದ್ದರು, ನಾನು ಬೈದಿದ್ದೆ, ವಕೀಲ ಅರ್ಜಿ ಬರೆ ಎಂದಿದ್ದ. ಅವಳು ನೆಲ ನೋಡಿದಳು, ಅಣ್ಣನನ್ನು ನೋಡಿದಳು. ಅಡುಗೆಮನೆಯ ನಲ್ಲಿಯ ಕಡೆ ಒಂದು ಹೆಜ್ಜೆ ಇಟ್ಟು ಮತ್ತೆ ನಿಂತಳು. ವೆಂಡೆಲ್ ಅವಳನ್ನೇ ನೋಡುತ್ತಿದ್ದ. ಯಾರೂ ಅಲುಗಲಿಲ್ಲ, ಯಾರೂ ಬೇರೆ ಏನನ್ನೂ ಕೇಳಲಿಲ್ಲ.

“ನಂಗೆ ನಿದ್ದೆ ಬೇಕು,” ಎಂದಳು ಕೊನೆಗೆ, ಮಗುವಿನ ದನಿಯಲ್ಲಿ. “ಅಷ್ಟೇ ನಂಗೆ ಬೇಕಾಗಿದ್ದು. ಇವ್ನು ಹೋಗೋದಲ್ಲ.”

ಅದು ಉತ್ತರವೇ ಇರಬಹುದು. ಆದರೂ ನ್ಯಾಯಾಧೀಶೆ ಕಾದರು, ನಾವೂ ಕಾದೆವು.

“ಹೌದು,” ಎಂದಳು ಡೊಲೊರೆಸ್. “ಇಲ್ಲೇ ಇರ್ಲಿ.”

ನಾನು ಯಂತ್ರದ ಮೇಲಿಂದ ಕೈ ತೆಗೆದೆ. ದಾಖಲೆಯವಳು ಪ್ರಶ್ನೆಯನ್ನು ಮೊದಲು ಬರೆದಳು, ಆಮೇಲೆ ಅದರ ಕೆಳಗೆ ಉತ್ತರವನ್ನು ಬರೆದಳು.